ಓದುಗರ ಪ್ರಶ್ನೆ: ದುಬಾರಿ ಮಳಿಗೆಯ ಕೆಲಸ, ಮ್ಯಾನೇಜರ್ ಕುರ್ಚಿಯ ದಾರಿ

ಈ ಸಲ ಬಂದ ಪತ್ರಗಳೆಲ್ಲ ಒಂದೇ ಕಸುಬಿನ ಸುತ್ತ ಇವೆ. ಮದುವೆಯಾಗಿಯೋ ಕೆಲಸ ಹುಡುಕಿಕೊಂಡೋ ಕರ್ನಾಟಕದಿಂದ ಮುಂಬೈ, ಪುಣೆ, ಗೋವಾಕ್ಕೆ ಬಂದವರು ಬರೆದಿದ್ದಾರೆ. ದುಬಾರಿ ವಾಚು, ಬ್ಯಾಗು, ಒಡವೆಗಳ ಮಳಿಗೆಗಳಲ್ಲಿ ಕೆಲವರು ಈಗಾಗಲೇ ದುಡಿಯುತ್ತಿದ್ದಾರೆ, ಕೆಲವರು ಸೇರಬೇಕೆಂದಿದ್ದಾರೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಊರು ಕುಂದಾಪುರದ ಹತ್ತಿರ. ಮದುವೆಯಾಗಿ ಡೊಂಬಿವಲಿಗೆ ಬಂದೆ. ಬಿ.ಕಾಂ. ಆಗಿದೆ. ದಾದರಿನ ಒಂದು ಸೀರೆ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಪಲ್ಲಾಡಿಯಮ್ ಮಾಲಿನಂಥ ಕಡೆ ನನಗೆ ಕೆಲಸ ಸಿಗಬಹುದೇ? ಇಂಗ್ಲಿಷ್ ಅಷ್ಟಕ್ಕಷ್ಟೆ. ಅಲ್ಲಿರುವವರನ್ನು ನೋಡಿದರೆ ಎಲ್ಲರೂ ಕಾನ್ವೆಂಟಿನವರಂತೆ ಕಾಣುತ್ತಾರೆ. (ಡೊಂಬಿವಲಿ)

ಸಿಗಬಹುದು. ಸೀರೆ ಅಂಗಡಿಯ ನಾಲ್ಕು ವರ್ಷವನ್ನು ಮೊದಲು ನೀವೇ ಕಡಿಮೆ ಎಣಿಸಬೇಡಿ. ಮದುವೆ ಜವಳಿಗೆ ಆರು ಜನ ಬಂದು ಕೂತಾಗ ಆರಿಸುವವರು ಯಾರು, ದುಡ್ಡು ಕೊಡುವವರು ಯಾರು, ಸುಮ್ಮನೆ ಕೂತಿದ್ದು ಕೊನೆಗೆ ಬೇಡ ಎನ್ನುವ ಅತ್ತೆ ಯಾರು ಎಂದು ಐದು ನಿಮಿಷದಲ್ಲಿ ಗುರುತಿಸುವುದು ನಿಮಗೆ ಗೊತ್ತು. ಎರಡು ಲಕ್ಷದ ಬ್ಯಾಗು ಮಾರುವಾಗಲೂ ಬೇಕಾಗುವುದು ಈ ಕಣ್ಣೇ.

ಮುಂಬೈಯಲ್ಲಿ ಇಂಥ ಮಳಿಗೆಗಳು ಮುಖ್ಯವಾಗಿ ನಾಲ್ಕು ಕಡೆ ಇವೆ. ಲೋವರ್ ಪರೇಲಿನಲ್ಲಿ ಹಳೆಯ ಫೀನಿಕ್ಸ್ ಮಿಲ್ಲಿನ ಜಾಗದಲ್ಲಿರುವ ಪಲ್ಲಾಡಿಯಮ್, ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) 2023ರ ನವೆಂಬರಿನಲ್ಲಿ ತೆರೆದ ಜಿಯೋ ವರ್ಲ್ಡ್ ಪ್ಲಾಜಾ, ಫೋರ್ಟಿನಲ್ಲಿ ಹಾರ್ನಿಮನ್ ಸರ್ಕಲ್ ಮತ್ತು ಕಾಲಾ ಘೋಡಾದ ಸುತ್ತಮುತ್ತ, ಕೊಲಾಬಾದಲ್ಲಿ ತಾಜ್ ಹೋಟೆಲಿನ ಒಳಗಿನ ಸಾಲು. ಡೊಂಬಿವಲಿಯವರಿಗೆ ಪಲ್ಲಾಡಿಯಮ್ ದೂರ ಎಂದು ಅನ್ನಿಸುವುದು ಲೋವರ್ ಪರೇಲ್ ವೆಸ್ಟರ್ನ್ ಲೈನಿನ ಸ್ಟೇಷನ್ ಆಗಿರುವುದರಿಂದ. ಸೆಂಟ್ರಲ್ ಲೈನಿನ ಕರಿ ರೋಡಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ, ದಾದರಿನಲ್ಲಿ ಸ್ಲೋ ಹಿಡಿಯಬೇಕು. ಬಿಕೆಸಿಗಾದರೆ ಕುರ್ಲಾದಲ್ಲಿ ಇಳಿದು ಬಸ್ಸೋ ಆಟೋನೋ. ಕೆಲಸ ಹುಡುಕುವಾಗ ಬೆಳಗಿನ ದಾರಿಗಿಂತ ರಾತ್ರಿ ಅಂಗಡಿ ಮುಚ್ಚಿದ ಮೇಲಿನ ದಾರಿಯನ್ನು ಲೆಕ್ಕ ಹಾಕಿ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಬಾಗಿಲ ಮೇಲಿನ ಹೆಸರಿನವರೇ ಸಂಬಳ ಕೊಡುತ್ತಾರೆ ಎಂದೇನಿಲ್ಲ. ಕೆಲವು ಮಳಿಗೆಗಳನ್ನು ಆ ಬ್ರಾಂಡಿನ ಭಾರತೀಯ ಕಂಪನಿಯೇ ನಡೆಸುತ್ತದೆ, ಕೆಲವನ್ನು ಇಲ್ಲಿನ ಪಾಲುದಾರ ಕಂಪನಿ ನಡೆಸುತ್ತದೆ. ಕೆಲವು ಕಡೆ ಕ್ಯಾಷ್, ಸ್ಟಾಕು, ಬಾಗಿಲ ಸಿಬ್ಬಂದಿಯನ್ನು ಏಜೆನ್ಸಿಯ ಮೂಲಕ ತೆಗೆದುಕೊಳ್ಳುತ್ತಾರೆ. ಏಜೆನ್ಸಿಯ ಪಟ್ಟಿಯಲ್ಲಿದ್ದವರಿಗೆ ಒಳಗಿನ ಬಡ್ತಿ ನಿಧಾನ. ಪಾಲುದಾರ ಕಂಪನಿಯಾದರೆ ಒಂದು ಲಾಭವಿದೆ: ಅವರ ಕೈಯಲ್ಲಿ ಹಲವು ಬ್ರಾಂಡುಗಳಿರುವುದರಿಂದ ವಾಚಿನಿಂದ ಬ್ಯಾಗಿಗೆ, ಬ್ಯಾಗಿನಿಂದ ಉಡುಪಿಗೆ ದಾಟಿಕೊಳ್ಳಬಹುದು. ಆಫರ್ ಲೆಟರಿನಲ್ಲಿ ಯಾವ ಕಂಪನಿಯ ಹೆಸರಿದೆ, ಪಿಎಫ್ ಯಾರು ಕಟ್ಟುತ್ತಾರೆ, ಇನ್ಸೆಂಟಿವ್ ಯಾವ ಆಧಾರದ ಮೇಲೆ ಎಂಬ ಮೂರನ್ನೂ ಸಹಿಗೆ ಮುಂಚೆ ಓದಿ.

ಬಯೋಡೇಟಾ ಒಂದೇ ಪುಟ ಇರಲಿ. ‘ಸೀರೆ ಮಾರಾಟದ ಅನುಭವ’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ತಿಂಗಳಿಗೆ ಸರಾಸರಿ ಎಷ್ಟು ಮಾರಿದಿರಿ, ಯಾವ ಬೆಲೆಯಿಂದ ಯಾವ ಬೆಲೆಯವರೆಗಿನ ಸೀರೆ, ನಿಮ್ಮನ್ನೇ ಕೇಳಿಕೊಂಡು ಮತ್ತೆ ಬರುವ ಮನೆಗಳು ಎಷ್ಟು, ದೀಪಾವಳಿ ವಾರದ ಬಿಲ್ಲು ಎಷ್ಟು, ಸ್ಟಾಕ್ ಎಣಿಕೆಯಲ್ಲಿ ನಿಮ್ಮ ಪಾಲೇನು ಎಂದು ಅಂಕಿಯಲ್ಲಿ ಬರೆಯಿರಿ. ಈಗಿನ ಅಂಗಡಿಯಲ್ಲಿ ಈ ಲೆಕ್ಕ ಯಾರೂ ಇಡದಿದ್ದರೆ ಇಂದಿನಿಂದ ನಿಮ್ಮ ಡೈರಿಯಲ್ಲಿ ನೀವೇ ಇಡಿ. ಮೂರು ತಿಂಗಳ ಲೆಕ್ಕ ಸಾಕು.

ಸಂದರ್ಶನದಲ್ಲಿ ಒಂದು ವಸ್ತುವನ್ನು ಕೊಟ್ಟು ಗಿರಾಕಿಗೆ ತೋರಿಸುವಂತೆ ತೋರಿಸಿ ಎನ್ನುತ್ತಾರೆ. ಸೀರೆ ಅಂಗಡಿಯಿಂದ ಬಂದವರು ಎಡವುವುದು ಇಲ್ಲೇ. ಅಲ್ಲಿ ಮೂವತ್ತು ಸೀರೆ ಬಿಡಿಸಿ ರಾಶಿ ಹಾಕುವುದು ಉಪಚಾರ. ಇಲ್ಲಿ ಮೂರಕ್ಕಿಂತ ಹೆಚ್ಚು ಮೇಜಿನ ಮೇಲೆ ಬರಬಾರದು, ನಾಲ್ಕನೆಯದು ಬೇಕಾದರೆ ಒಂದು ಒಳಗೆ ಹೋಗಬೇಕು. ‘ಬಜೆಟ್ ಎಷ್ಟು’ ಎಂದು ಕೇಳಬಾರದು. ಯಾರಿಗೆ, ಯಾವ ಸಂದರ್ಭಕ್ಕೆ, ಈಗ ಏನು ಬಳಸುತ್ತಾರೆ ಎಂಬ ಮೂರು ಪ್ರಶ್ನೆಗಳಲ್ಲಿ ಬೆಲೆಯ ಅಂದಾಜು ತಾನಾಗಿ ಸಿಗುತ್ತದೆ. ಬೆರಳು ತೋರಿಸದೆ ಅಂಗೈ ತೆರೆದು ತೋರಿಸಿ. ಕೇಳದೆ ಗಿರಾಕಿಯ ಭುಜಕ್ಕೆ ಬ್ಯಾಗು ಹಾಕಬೇಡಿ. ಸಂದರ್ಶನಕ್ಕೆ ಮುಂಚೆ ಒಂದು ದಿನ ಅದೇ ಮಳಿಗೆಗೆ ಗಿರಾಕಿಯಾಗಿ ಹೋಗಿ ಮೂರು ವಸ್ತುಗಳ ಚರ್ಮ ಯಾವುದು, ಬಟ್ಟೆ ಯಾವುದು, ಬೆಲೆ ಎಷ್ಟು ಎಂದು ಕೇಳಿ ತಿಳಿದುಕೊಂಡು ಬನ್ನಿ. ಹಾಗೆ ಹೋಗುವುದರಲ್ಲಿ ಸಂಕೋಚ ಬೇಡವೇ ಬೇಡ.

ಇಂಗ್ಲಿಷಿನ ಮಾತಿಗೆ ಬಂದರೆ, ಎಂಟು ಸಂದರ್ಭಗಳಿಗೆ ತಲಾ ಐದಾರು ವಾಕ್ಯ ಬಾಯಿಗೆ ಬಂದರೆ ದಿನ ನಡೆಯುತ್ತದೆ: ಸ್ವಾಗತ, ಏನು ಬೇಕೆಂದು ವಿಚಾರಿಸುವುದು, ವಸ್ತುವಿನ ವಿವರ, ಬೆಲೆ ಮತ್ತು ತೆರಿಗೆ, ‘ಈಗ ಇಲ್ಲ, ತರಿಸಿಕೊಡುತ್ತೇವೆ’, ದೂರು, ರಿಪೇರಿ, ಬೀಳ್ಕೊಡುಗೆ. ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಹಿಂದಿ, ಮರಾಠಿ ನಯವಾಗಿ ಬಂದರೆ ಅದು ನಿಮ್ಮ ಬಲ. ತುಸು ಗುಜರಾತಿ ಕಲಿತರೆ ಮುಂಬೈಯಲ್ಲಿ ಇನ್ನೂ ಒಳ್ಳೆಯದು. ಲಕ್ಷಗಟ್ಟಲೆ ಕೊಟ್ಟು ‘ಲಕ್ಷುರಿ ಮ್ಯಾನೇಜ್‌ಮೆಂಟ್’ ಡಿಪ್ಲೊಮಾ ಮಾಡಲು ಈಗಲೇ ಓಡಬೇಡಿ. ಒಳಗೆ ಎರಡು ವರ್ಷ ದುಡಿದ ಮೇಲೆ ಯಾವ ಕೋರ್ಸು ಬೇಕು ಎಂದು ನಿಮಗೇ ತಿಳಿಯುತ್ತದೆ.

ಪ್ರಶ್ನೆ: ನಾ ವಿಜಯಪುರದಾಕಿ ರೀ. ಪುಣೆದಾಗ ವಾಚಿನ ಶೋರೂಮಿನ್ಯಾಗ ಮೂರು ವರ್ಷ ಆತು. ಮಾರಾಟದಾಗ ನಾನ ಮುಂದ ಅದೀನಿ. ಆದ್ರ ಅಸಿಸ್ಟಂಟ್ ಮ್ಯಾನೇಜರ್ ಜಾಗಾ ಎರಡು ಸಲ ಬ್ಯಾರೆಯವರಿಗೆ ಹೋತು. ನಾ ಇನ್ನ ಏನು ಕಲೀಬೇಕ್ರಿ? (ವಿಮಾನ ನಗರ, ಪುಣೆ)

ಚೆನ್ನಾಗಿ ಮಾರುವವರನ್ನು ಫ್ಲೋರಿನಿಂದ (ಗಿರಾಕಿಗಳೆದುರು ಮಾರುವ ಜಾಗದಿಂದ) ಎತ್ತಲು ಯಾವ ಮ್ಯಾನೇಜರಿಗೂ ಸುಲಭವಾಗಿ ಮನಸ್ಸು ಬರುವುದಿಲ್ಲ, ಏಕೆಂದರೆ ಮಾರನೆಯ ದಿನವೇ ಮಾರಾಟ ಬೀಳುತ್ತದೆ. ಆ ಜಾಗ ಸಿಗುವುದು ಮ್ಯಾನೇಜರ್ ರಜೆಯಲ್ಲಿದ್ದಾಗ ಅಂಗಡಿ ನಡೆಸಬಲ್ಲವರಿಗೆ. ಅಂದರೆ ಲೆಕ್ಕ, ಸ್ಟಾಕು, ಡ್ಯೂಟಿ ಪಟ್ಟಿ ಈ ಮೂರೂ ಕೈಗೆ ಬಂದಿರಬೇಕು. ಮಾತು, ಉಡುಗೆ, ನಗೆ ನಿಮ್ಮನ್ನು ಕೌಂಟರಿನವರೆಗೆ ತಂದಿವೆ. ಮುಂದಕ್ಕೆ ಒಯ್ಯುವುದು ಹಿಂದಿನ ಕೋಣೆಯ ಕೆಲಸ.

ಮೊದಲು ಲೆಕ್ಕ. ಒಂದು ತಿಂಗಳ ಉದಾಹರಣೆ ತೆಗೆದುಕೊಳ್ಳಿ. ಬಾಗಿಲ ಕೌಂಟರಿನ (ಬಂದವರನ್ನು ಎಣಿಸುವ ಯಂತ್ರದ) ಪ್ರಕಾರ ಒಳಗೆ ಬಂದವರು 1,800. ಬಿಲ್ಲುಗಳು 216. ಮಾರಿದ ವಸ್ತುಗಳು 270. ಒಟ್ಟು ಮಾರಾಟ ₹1,29,60,000. ಬಿಲ್ಲುಗಳನ್ನು ಬಂದವರ ಸಂಖ್ಯೆಯಿಂದ ಭಾಗಿಸಿದರೆ ಶೇ 12, ಇದು ಕನ್ವರ್ಷನ್. ಮಾರಾಟವನ್ನು ಬಿಲ್ಲುಗಳಿಂದ ಭಾಗಿಸಿದರೆ ₹60,000, ಇದು ಸರಾಸರಿ ಬಿಲ್ಲು. ವಸ್ತುಗಳನ್ನು ಬಿಲ್ಲುಗಳಿಂದ ಭಾಗಿಸಿದರೆ 1.25, ಇದನ್ನು ಯುಪಿಟಿ ಎನ್ನುತ್ತಾರೆ. ಕನ್ವರ್ಷನ್ 12ರಿಂದ 13ಕ್ಕೆ ಏರಿದರೆ 18 ಬಿಲ್ಲು ಹೆಚ್ಚಾಗಿ, ಸರಾಸರಿ ಅಷ್ಟೇ ಇದ್ದರೆ ₹10,80,000 ಮಾರಾಟ ಸೇರುತ್ತದೆ. ತಿಂಗಳ ಮೀಟಿಂಗಿನಲ್ಲಿ ‘ಮಾರಾಟ ಹೆಚ್ಚಿಸಬೇಕು’ ಎಂದು ಎಲ್ಲರೂ ಹೇಳುತ್ತಾರೆ. ಈ ವಾಕ್ಯವನ್ನು ಅಂಕಿಯಲ್ಲಿ ಹೇಳುವವರನ್ನು ಮೇಲಿನವರು ಗುರುತಿಟ್ಟುಕೊಳ್ಳುತ್ತಾರೆ.

ಈ ಅಂಕಿಗಳು ಮೋಸ ಮಾಡುವ ಜಾಗಗಳೂ ಗೊತ್ತಿರಲಿ. ಭಾನುವಾರ ಒಂದೇ ಕುಟುಂಬದ ಐವರು ಬಂದರೆ ಬಾಗಿಲ ಕೌಂಟರು ಐದು ಎನ್ನುತ್ತದೆ, ಬಿಲ್ಲು ಒಂದೇ. ಹಾಗಾಗಿ ವಾರಾಂತ್ಯದ ಕನ್ವರ್ಷನ್ ಸುಮ್ಮನೆ ಕೆಟ್ಟದಾಗಿ ಕಾಣುತ್ತದೆ. ಸಿಬ್ಬಂದಿ ಚಹಾಕ್ಕೆ ಹೋಗಿಬಂದದ್ದನ್ನೂ ಹೌಸ್‌ಕೀಪಿಂಗಿನವರನ್ನೂ ಅದು ಎಣಿಸಿರಬಹುದು. ಶನಿವಾರವನ್ನು ಶನಿವಾರದ ಜೊತೆಗೇ ಹೋಲಿಸಿ. ವಾಚಿನ ಮಳಿಗೆಯಲ್ಲಿ ಇನ್ನೊಂದು ತೊಡಕಿದೆ. ಎರಡನೆಯ ವಸ್ತು ಸಾಮಾನ್ಯವಾಗಿ ಬೆಲ್ಟು. ಬೆಲ್ಟು ಹೆಚ್ಚು ಮಾರಿದರೆ ಯುಪಿಟಿ ಏರುತ್ತದೆ, ಸರಾಸರಿ ಬಿಲ್ಲು ಅಲುಗುವುದೇ ಇಲ್ಲ. ಎರಡನ್ನೂ ಒಟ್ಟಿಗೆ ನೋಡಬೇಕು.

ಸ್ಟಾಕಿಗೆ ಬನ್ನಿ. ಒಂದು ಮಾಡೆಲಿನ 40 ವಾಚು ಬಂದು ಎಂಟು ವಾರದಲ್ಲಿ 10 ಹೋದರೆ ಸೆಲ್-ಥ್ರೂ ಶೇ 25. ವಾರಕ್ಕೆ 1.25ರಂತೆ ಉಳಿದ 30 ಖಾಲಿಯಾಗಲು ಇನ್ನೂ 24 ವಾರ ಬೇಕು. ಅದೇ ಮಾಡೆಲು ಮುಂಬೈ ಮಳಿಗೆಯಲ್ಲಿ ಸಾಲದೆ ಬರುತ್ತಿದ್ದರೆ 12 ಪೀಸು ಅಲ್ಲಿಗೆ ಕಳಿಸಿ, ಇಲ್ಲಿ ಓಡುವ ಮಾಡೆಲನ್ನು ತರಿಸಿ ಎಂದು ಮ್ಯಾನೇಜರಿಗೆ ಒಂದು ಪುಟದ ಚೀಟಿ ಕೊಡಿ. ಯಾರೂ ಕೇಳದಿದ್ದರೂ ಕೊಡಿ.

ಎಣಿಕೆಯಲ್ಲಿ ಕಡಿಮೆ ಬಂದಾಗ ಕಳ್ಳತನ ಎಂದು ಎಲ್ಲರ ಮುಖ ನೋಡುವ ಮೊದಲು ಒಂದು ಕ್ರಮದಲ್ಲಿ ಹುಡುಕಿ. ಕಂಪ್ಯೂಟರಿನಲ್ಲಿ 412, ಕೈಯಲ್ಲಿ 410 ಎಂದುಕೊಳ್ಳಿ. ಕಿಟಕಿಯ ಡಿಸ್‌ಪ್ಲೇ ಎಣಿಸಿದ್ದೀರಾ? ರಿಪೇರಿಗೆ ಹೋದದ್ದು ರಿಜಿಸ್ಟರಿನಲ್ಲಿದೆಯೇ? ಬೇರೆ ಮಳಿಗೆಗೆ ಕಳಿಸಿದ್ದು ಅಲ್ಲಿ ಇನ್ನೂ ಸ್ವೀಕೃತವಾಗಿಲ್ಲವೇ? ವಾಪಸು ಬಂದು ಬೇರೆ ಇಟ್ಟದ್ದನ್ನು ಎಣಿಸಿದ್ದೀರಾ? ಒಂದು ಮಾಡೆಲಿನಲ್ಲಿ ಒಂದು ಹೆಚ್ಚು, ಅದರ ಪಕ್ಕದ ಬಣ್ಣದಲ್ಲಿ ಒಂದು ಕಡಿಮೆ ಇದ್ದರೆ ತಪ್ಪು ಕೋಡಿನಲ್ಲಿ ಬಿಲ್ಲಾಗಿದೆ ಎಂದರ್ಥ. ಮಾಯವಾದ ಮಾಲಿನ ದೊಡ್ಡ ಪಾಲು ಈ ಪಟ್ಟಿಯಲ್ಲೇ ಸಿಗುತ್ತದೆ. ಆಮೇಲೂ ಸಿಗದಿದ್ದರೆ ಆ ಕ್ಷಣವೇ ಬರವಣಿಗೆಯಲ್ಲಿ ತಿಳಿಸಿ. ನಾಳೆ ಸಿಗಬಹುದೆಂದು ತಡೆದರೆ ಸಿಸಿಟಿವಿ ರೆಕಾರ್ಡು ಅಳಿಸಿಹೋಗುತ್ತದೆ.

ಡ್ಯೂಟಿ ಪಟ್ಟಿ ಮಾಡುವುದನ್ನು ಕೇಳಿ ಪಡೆಯಿರಿ. ಎಂಟು ಜನ, ವಾರಕ್ಕೆ ತಲಾ ಒಂದು ರಜೆ ಎಂದರೆ ಒಟ್ಟು 48 ಆಳು-ದಿನ. ಶನಿವಾರ, ಭಾನುವಾರ ಎಲ್ಲರೂ ಬೇಕು, 16 ಅಲ್ಲೇ ಹೋಯಿತು. ಉಳಿದ 32ರಲ್ಲಿ ಸೋಮವಾರ ಮತ್ತು ಶುಕ್ರವಾರ ತಲಾ 7, ಮಂಗಳ, ಬುಧ, ಗುರು ತಲಾ 6. ಸೋಮವಾರ 7 ಏಕೆಂದರೆ ವಾರಾಂತ್ಯದ ರಿಟರ್ನು, ಎಣಿಕೆ, ಡಿಸ್‌ಪ್ಲೇ ಸರಿಪಡಿಸುವುದು ಅಂದೇ. ಬೀಗದ ಕೈ ಇರುವ ಇಬ್ಬರಿಗೆ ಒಂದೇ ದಿನ ರಜೆ ಬರಬಾರದು. ಹೊಸಬರಿಬ್ಬರನ್ನೇ ಒಟ್ಟಿಗೆ ಬೆಳಗಿನ ಪಾಳಿಗೆ ಹಾಕಬಾರದು. ಗಣಪತಿ ಹಬ್ಬದಲ್ಲಿ ಯಾರು ರಜೆ ಕೇಳುತ್ತಾರೆ, ದೀಪಾವಳಿಯಲ್ಲಿ ಯಾರು ಎಂದು ಜುಲೈಯಲ್ಲೇ ಕೇಳಿ ಬರೆದಿಟ್ಟುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇಷ್ಟು ಆರು ತಿಂಗಳು ಮಾಡಿದ ಮೇಲೆ ಬಡ್ತಿಯ ಮಾತನ್ನು ಬಾಯಿಬಿಟ್ಟು ಕೇಳಿ, ಇಮೇಲಿನಲ್ಲೂ ಬರೆಯಿರಿ. ‘ನನ್ನಲ್ಲಿ ಏನು ಕಡಿಮೆ ಇದೆ, ಯಾವ ತಿಂಗಳೊಳಗೆ ತುಂಬಿಕೊಳ್ಳಬೇಕು’ ಎಂದು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಎರಡು ಸಲ ಕೈತಪ್ಪಿದವರು ಸುಮ್ಮನಿರುವುದು ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಹೆಚ್ಚು. ಸುಮ್ಮನಿರಬೇಡಿ. ಮೂರನೆಯ ಸಲವೂ ತಪ್ಪಿದರೆ ಇದೇ ಲೆಕ್ಕಗಳನ್ನು ಬಯೋಡೇಟಾದಲ್ಲಿ ಹಾಕಿಕೊಂಡು ಬೇರೆ ಬ್ರಾಂಡಿಗೆ ಅಸಿಸ್ಟಂಟ್ ಮ್ಯಾನೇಜರಾಗಿಯೇ ಅರ್ಜಿ ಹಾಕಿ.

ಪ್ರಶ್ನೆ: ₹3.6 ಲಕ್ಷದ ಹಾರಕ್ಕೆ ಗಿರಾಕಿ ಪೂರ್ತಿ ನಗದು ಕೊಡುತ್ತೇನೆ, 1.8ರಂತೆ ಎರಡು ಬಿಲ್ಲು ಮಾಡಿ ಎನ್ನುತ್ತಾರೆ. ಹಳೆಯ ಗಿರಾಕಿ. ಏನು ಹೇಳಲಿ? (ಅಂಧೇರಿ)

ಆಗುವುದಿಲ್ಲ ಎಂದೇ ಹೇಳಬೇಕು. 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದು ದಿನದಲ್ಲಿ, ಅಥವಾ ಒಂದು ವ್ಯವಹಾರಕ್ಕೆ, ಅಥವಾ ಒಂದೇ ಸಮಾರಂಭಕ್ಕೆ ಸಂಬಂಧಿಸಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ದಂಡ ಬೀಳುವುದು ನಗದು ಪಡೆದವರಿಗೆ, ಪಡೆದಷ್ಟೇ ಮೊತ್ತ. ಬಿಲ್ಲನ್ನು ಎರಡು ತಾರೀಖಿಗೆ ಒಡೆದರೂ ಹಾರ ಒಂದೇ, ವ್ಯವಹಾರ ಒಂದೇ. ಇನ್ನು ಎರಡು ಲಕ್ಷ ದಾಟಿದ ಖರೀದಿಗೆ ಕಾರ್ಡಿನಲ್ಲಿ ಕೊಟ್ಟರೂ ಪ್ಯಾನ್ ಬೇಕು, ಇದು 2016ರ ಜನವರಿಯಿಂದ ಇರುವ ನಿಯಮ.

ಇದರ ಜೊತೆ 2025ರ ಏಪ್ರಿಲ್ 22ರಿಂದ ಕೈಗಡಿಯಾರ, ಹ್ಯಾಂಡ್‌ಬ್ಯಾಗು, ತಂಪು ಕನ್ನಡಕ, ಬೂಟು, ಕಲಾಕೃತಿ ಮುಂತಾದವುಗಳಲ್ಲಿ ಒಂದರ ಬೆಲೆ 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಮಾರುವವರೇ ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯಬೇಕು. ಗಿರಾಕಿಗಳು ಇದನ್ನು ಹೊಸ ತೆರಿಗೆ ಎಂದು ಸಿಟ್ಟಾಗುತ್ತಾರೆ. ಅದು ಅವರ ಪ್ಯಾನಿಗೆ ಜಮೆಯಾಗಿ, ಆದಾಯ ತೆರಿಗೆ ರಿಟರ್ನಿನಲ್ಲಿ ಅವರ ಲೆಕ್ಕಕ್ಕೇ ಬರುತ್ತದೆ ಎಂದು ಬಿಲ್ಲು ಮಾಡುವ ಮುಂಚೆಯೇ ಹೇಳಿ. ಬಿಲ್ಲು ಕೈಗೆ ಬಂದ ಮೇಲೆ ಹೇಳಿದರೆ ವಿವರಣೆ ನೆಪದಂತೆ ಕೇಳುತ್ತದೆ.

ಹಳೆಯ ಗಿರಾಕಿಗೆ ಎಲ್ಲರೆದುರು ಬೇಡ, ಪಕ್ಕಕ್ಕೆ ಕರೆದು ಕೂರಿಸಿ, ‘ನಾಳೆ ನಮಗೆ ನೋಟಿಸು ಬಂದರೆ ನಿಮಗೂ ಬೇಸರವಾಗುತ್ತದೆ, ಇವತ್ತು ಟೋಕನ್ ಕೊಟ್ಟು ಹಾರ ತೆಗೆದಿಡಿಸಿ, ಉಳಿದದ್ದು ಬ್ಯಾಂಕಿನಿಂದ ಕಳಿಸಿ’ ಎನ್ನಿ. ಹೆಚ್ಚಿನವರು ಒಪ್ಪುತ್ತಾರೆ.

ಪ್ರಶ್ನೆ: ಸ್ಟಾಕ್ ರೂಮಿನ ಜವಾಬ್ದಾರಿ ಈಗ ನನ್ನದು. ಕಳೆದ ಮಳೆಗಾಲದಲ್ಲಿ ಚರ್ಮದ ಬ್ಯಾಗುಗಳಿಗೆ ಬೂಷ್ಟು ಬಂದಿತ್ತು. ಈ ಸಲ ಹೇಗೆ ತಡೆಯಲಿ? (ಬಾಂದ್ರಾ)

ಕಾರಣ ಸಾಮಾನ್ಯವಾಗಿ ರಾತ್ರಿಯದ್ದು. ಹಗಲೆಲ್ಲ ಎಸಿ ಓಡಿ ಗಾಳಿ ಒಣಗಿರುತ್ತದೆ. ಮುಚ್ಚಿದ ಮೇಲೆ ಎಸಿ ನಿಂತು ಹತ್ತು-ಹನ್ನೆರಡು ಗಂಟೆ ತೇವ ಏರುತ್ತದೆ. ಬೆಳಗ್ಗೆ ನೀವು ಬರುವಷ್ಟರಲ್ಲಿ ಎಸಿ ಮತ್ತೆ ಹಾಕಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿಯ ಗರಿಷ್ಠ ಅಂಕಿ ನೆನಪಿಟ್ಟುಕೊಳ್ಳುವ ಎರಡು ತೇವಮಾಪಕ ತರಿಸಿ, ಒಂದನ್ನು ಬಾಗಿಲ ಬಳಿ, ಇನ್ನೊಂದನ್ನು ಹೊರಗೋಡೆಗೆ ತಾಗಿದ ಮೂಲೆಯಲ್ಲಿ ಕೆಳಗಿನ ಹಲಗೆಯಲ್ಲಿಡಿ. ತೇವ ಶೇ 45ರಿಂದ 55ರ ನಡುವೆ ಇರಬೇಕು. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ದಾರಿಯಾಯಿತು. ಒಂದು ವಾರದ ಅಂಕಿ ಬರೆದಿಟ್ಟು ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಕೇಳಿ. ಅಂಕಿ ತೋರಿಸದೆ ಕೇಳಿದರೆ ಮುಂದಿನ ವರ್ಷದ ಬಜೆಟ್ಟಿಗೆ ಹೋಗುತ್ತದೆ. ಅದು ಬಂದ ಮೇಲೆ ನೀರಿನ ತೊಟ್ಟಿ ತುಂಬಿದರೆ ಯಂತ್ರ ತಾನಾಗಿ ನಿಲ್ಲುತ್ತದೆ ಎಂಬುದು ನೆನಪಿರಲಿ, ರಾತ್ರಿ ಹೊರಡುವ ಮುಂಚೆ ಖಾಲಿ ಮಾಡಬೇಕು, ಅಥವಾ ಪೈಪು ಹಾಕಿಸಬೇಕು.

ಹಲಗೆ ನೆಲದಿಂದ 15 ಸೆಂ.ಮೀ. ಮೇಲಿರಲಿ, ಗೋಡೆಯಿಂದ 10 ಸೆಂ.ಮೀ. ದೂರವಿರಲಿ. ಬ್ಯಾಗನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ, ಹತ್ತಿಯ ಚೀಲದಲ್ಲಿಡಿ. ಒಳಗೆ ಆಮ್ಲವಿಲ್ಲದ ಟಿಶ್ಯೂ ಕಾಗದ ತುಂಬಿ, ಪತ್ರಿಕೆಯ ಕಾಗದ ಬೇಡ, ಮಸಿ ಅಂಟುತ್ತದೆ. ಹಿಡಿಯಿಂದ ತೂಗುಹಾಕಿದರೆ ಹಿಡಿ ಜಗ್ಗುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳಲ್ಲಿ ಬಣ್ಣ ಬದಲಾಗುವ ಬಗೆಯದನ್ನೇ ತರಿಸಿ. ತೇವ ಕುಡಿದು ತುಂಬಿದ ಪೊಟ್ಟಣವನ್ನು ವರ್ಷಗಟ್ಟಲೆ ಹಾಗೇ ಇಟ್ಟಿರುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಬೆಳ್ಳಿ ಬಕಲ್ಲುಗಳಿರುವ ವಸ್ತುಗಳಿಗೆ ರಬ್ಬರ್ ಬ್ಯಾಂಡು ಹಾಕಬೇಡಿ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಪಾಲಿಯುರಥೇನ್ ಅಟ್ಟೆಯ ಬೂಟುಗಳನ್ನು ಬಂದ ಕ್ರಮದಲ್ಲೇ ಮೊದಲು ಹೊರಗೆ ಕಳಿಸಿ. ತೇವದಲ್ಲಿ ಕೆಲವು ವರ್ಷ ಕೂತರೆ ಅಟ್ಟೆ ಹಾಕಿಕೊಂಡ ಮೊದಲ ದಿನವೇ ಪುಡಿಯಾಗಬಹುದು.

ಒಂದಕ್ಕೆ ಬೂಷ್ಟು ಕಂಡರೆ ಅದನ್ನು ಕೋಣೆಯೊಳಗೇ ಒರೆಸಬೇಡಿ, ಪುಡಿ ಹಾರಿ ಪಕ್ಕದ್ದಕ್ಕೆ ಕೂರುತ್ತದೆ. ಚೀಲದಲ್ಲಿ ಮುಚ್ಚಿ ಹೊರಗೆ ಒಯ್ದು ಬೇರೆ ಇಡಿ, ಪಕ್ಕದ ಹತ್ತು ಬ್ಯಾಗು ಬಿಚ್ಚಿ ನೋಡಿ, ಫೋಟೊ ಸಹಿತ ಬ್ರಾಂಡಿಗೆ ತಿಳಿಸಿ. ಬಿಸಿಲಿಗೆ ಇಟ್ಟರೆ ಬಣ್ಣ ಹೋಗಿ ಚರ್ಮ ಬಿರುಸಾಗುತ್ತದೆ. ಒರೆಸಿ ಮತ್ತೆ ಷೆಲ್ಫಿಗೆ ಇಡುವುದಂತೂ ಬೇಡವೇ ಬೇಡ. ವಾಸನೆ ಉಳಿಯುತ್ತದೆ, ಗಿರಾಕಿ ಮನೆಯಲ್ಲಿ ತೆರೆದಾಗ ತಿಳಿಯುತ್ತದೆ.

ಪ್ರಶ್ನೆ: ಹೋಟೆಲೊಂದರ ಒಡವೆ ಮಳಿಗೆಯಲ್ಲಿ ನಾಲ್ವರಿದ್ದೇವೆ. ಎಣಿಕೆಯಲ್ಲಿ ಒಂದು ಜೊತೆ ಓಲೆ ಕಡಿಮೆ ಬಂತು. ನಾಲ್ವರ ಸಂಬಳದಲ್ಲಿ ಹಂಚಿ ಹಿಡಿಯುತ್ತೇವೆ ಎನ್ನುತ್ತಾರೆ. ಸರಿಯೇ? (ಪಣಜಿ)

ಸರಿಯಲ್ಲ. ಮಾಲನ್ನು ನಿಮ್ಮ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ನಷ್ಟ ನೇರವಾಗಿ ನಿಮ್ಮ ನಿರ್ಲಕ್ಷ್ಯದಿಂದ ಆಗಿರಬೇಕು, ಹಿಡಿಯುವ ಮೊದಲು ನಿಮ್ಮ ಉತ್ತರ ಕೇಳಿರಬೇಕು. ಆಗ ಮಾತ್ರ, ನಷ್ಟದ ಮೊತ್ತ ಮೀರದಂತೆ, ಸಂಬಳದಲ್ಲಿ ಹಿಡಿಯಲು ಕಾನೂನು ಬಿಡುತ್ತದೆ. ಯಾರ ತಪ್ಪೆಂದು ಗೊತ್ತಿಲ್ಲದೆ ಸಮನಾಗಿ ಹಂಚುವುದು ಇದರಲ್ಲಿ ಬರುವುದಿಲ್ಲ. ನಾಲ್ವರೂ ಸೇರಿ ಬರವಣಿಗೆಯಲ್ಲಿ ಆಕ್ಷೇಪ ಕೊಡಿ, ಪ್ರತಿ ಇಟ್ಟುಕೊಳ್ಳಿ. ಕೇಳದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ‘ಸ್ವಇಚ್ಛೆಯಿಂದ ಒಪ್ಪಿದ್ದೇನೆ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ.

ಮುಂದೆ ಹೀಗಾಗದಂತೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಟ್ರೇಯಲ್ಲಿ ಕುಳಿಗಳ ಸಂಖ್ಯೆ ನಿಗದಿಯಾಗಿರಲಿ, ಖಾಲಿ ಕುಳಿಯಲ್ಲಿ ಬಣ್ಣದ ಬಿಲ್ಲೆ ಇಡಿ. ಬಿಲ್ಲೆಯೂ ಇಲ್ಲದ ಖಾಲಿ ಕುಳಿ ಕಂಡ ಕೂಡಲೇ ಕಣ್ಣು ನಿಲ್ಲುತ್ತದೆ. ಗಿರಾಕಿಯ ಮುಂದೆ ಒಂದು ಸಲಕ್ಕೆ ಒಂದೇ, ಹೋಲಿಸಿ ನೋಡಬೇಕೆಂದರೆ ಎರಡು. ಟ್ರೇಯನ್ನೇ ಎತ್ತಿ ಮೇಜಿನ ಮೇಲಿಡುವುದು ಬೇಡ. ಎಣಿಕೆ ದಿನಕ್ಕೆ ಮೂರು ಸಲ: ತೆರೆದಾಗ, ಊಟದ ಪಾಳಿ ಬದಲಾಗುವಾಗ, ಮುಚ್ಚುವಾಗ. ಪ್ರತಿ ಸಲ ಎಣಿಸಿದವರು ಒಬ್ಬರು, ನೋಡಿದವರು ಒಬ್ಬರು, ಇಬ್ಬರ ಸಹಿ. ಹೆಚ್ಚಿನ ಕಡೆ ತಪ್ಪಿಹೋಗುವುದು ಊಟದ ಹೊತ್ತಿನದ್ದೇ.

ಮಾಲು ಕಡಿಮೆಯಾಗುವುದಷ್ಟೇ ಅಲ್ಲ, ಬದಲಾಗುವುದೂ ಉಂಟು. ಚಿನ್ನದ ಒಡವೆಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಶುದ್ಧತೆ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಆ ಒಡವೆಗೇ ಮೀಸಲಾದ ಗುರುತು ಸಂಖ್ಯೆ) ಇರುತ್ತವೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಾಟಕ್ಕೆ ಎಚ್‌ಯುಐಡಿ ಕಡ್ಡಾಯ. ಗಿರಾಕಿ ವಾಪಸು ಕೊಟ್ಟದ್ದನ್ನು ಟ್ರೇಗೆ ಹಾಕುವ ಮುಂಚೆ ಹತ್ತು ಪಟ್ಟಿನ ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ಆ ಸಂಖ್ಯೆ ಓದಿ, ಚೀಟಿಯ ಸಂಖ್ಯೆಯೊಂದಿಗೆ ಹೊಂದಿಸಿ, ಅನುಮಾನ ಬಂದರೆ ತೂಕ ನೋಡಿ. ಸೀಸನ್ನಿನ ಸಂಜೆ ಮಳಿಗೆ ತುಂಬಿದಾಗ ಇದು ರಗಳೆ ಎನ್ನಿಸುತ್ತದೆ, ಆಗಲೇ ಹೆಚ್ಚು ಬೇಕು.

ಪ್ರಶ್ನೆ: ದೊಡ್ಡ ಖರೀದಿ ಮಾಡುವ ಗಿರಾಕಿಯೊಬ್ಬರು ಮೈಮುಟ್ಟಿ ಮಾತಾಡುತ್ತಾರೆ, ರಾತ್ರಿ ಮೆಸೇಜು ಹಾಕುತ್ತಾರೆ. ಮ್ಯಾನೇಜರ್ ‘ಸ್ವಲ್ಪ ಹೊಂದಿಕೊಳ್ಳಮ್ಮ’ ಎನ್ನುತ್ತಾರೆ. ಮುಚ್ಚುವ ಪಾಳಿಯಿಂದ ಮನೆಗೆ ಬರುವಾಗ ಹನ್ನೊಂದು. (ಠಾಣೆ)

ಹೊಂದಿಕೊಳ್ಳಬೇಕಾದದ್ದು ನೀವಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ನಿಮ್ಮನ್ನು ಕಾಪಾಡುವುದು ಮಾಲೀಕರ ಕರ್ತವ್ಯ ಎಂದು ಬರೆದಿದೆ. ಗಿರಾಕಿ ಎಷ್ಟೇ ದೊಡ್ಡವರಾದರೂ ಅದರೊಳಗೇ ಬರುತ್ತಾರೆ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಿ. ಅದಕ್ಕಿಂತ ಸಣ್ಣ ಮಳಿಗೆಯಾದರೆ, ಅಥವಾ ದೂರು ಮಾಲೀಕರ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ನೀವು ಪೊಲೀಸರ ಬಳಿ ಹೋಗಬಯಸಿದರೆ ಮಾಲೀಕರು ನೆರವಾಗಬೇಕು.

ಇವತ್ತೇ ಮಾಡಬೇಕಾದದ್ದು: ಮೆಸೇಜುಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದು ಬೇರೆ ಕಡೆ ಇಡಿ. ದಿನ, ಹೊತ್ತು, ಯಾರಿದ್ದರು ಎಂದು ಬರೆಯಿರಿ. ‘ಇಂಥ ದಿನ ಇಂಥ ಹೊತ್ತಿನ ಸಿಸಿಟಿವಿ ರೆಕಾರ್ಡು ಉಳಿಸಿಡಿ’ ಎಂದು ಇಮೇಲ್ ಕಳಿಸಿ. ಆ ಗಿರಾಕಿಯನ್ನು ಬೇರೊಬ್ಬರಿಗೆ ವಹಿಸಲು, ಅವರ ಮಾರಾಟದ ಇನ್ಸೆಂಟಿವ್ ನಿಮಗೆ ಕಡಿಮೆಯಾಗದಂತೆ ಟಾರ್ಗೆಟ್ ಸರಿಪಡಿಸಲು ಅದೇ ಇಮೇಲಿನಲ್ಲಿ ಕೇಳಿ. ಈ ಎರಡನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ, ಕೊನೆಗೆ ಶಿಕ್ಷೆ ದೂರು ಕೊಟ್ಟವರಿಗೇ ಆಗುತ್ತದೆ.

ರಾತ್ರಿಯ ವಿಷಯ: ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ಪ್ರಕಾರ ರಾತ್ರಿ 9.30ರಿಂದ ಬೆಳಗ್ಗೆ 7ರವರೆಗೆ ಮಹಿಳೆಯರಿಂದ ಕೆಲಸ ಮಾಡಿಸಲು ಅವರ ಒಪ್ಪಿಗೆ ಬೇಕು, ರಕ್ಷಣೆ ಮತ್ತು ಮನೆಗೆ ವಾಹನದ ವ್ಯವಸ್ಥೆಯೂ ಬೇಕು. ಪಾಳಿ 9.30ಕ್ಕೆ ಮುಗಿದು ಎಣಿಕೆ 10.15ರವರೆಗೆ ನಡೆದರೆ ಆ ಮುಕ್ಕಾಲು ಗಂಟೆಯೂ ಕೆಲಸವೇ. ದಿನವೂ ಹೊರಟ ಹೊತ್ತನ್ನು ಬರೆದಿಡಿ. ರೈಲಿನಲ್ಲಿ ತೊಂದರೆಯಾದರೆ 139, ಉಳಿದ ಕಡೆ 112.

ಪ್ರಶ್ನೆ: ವಯಸ್ಸು 43. ಹೋಟೆಲಿನ ಕ್ಯಾಷಿನಲ್ಲಿ ಹಿಂದೆ ಇದ್ದೆ. ಈಗ ಹೋದರೆ ತೆಗೆದುಕೊಳ್ಳುತ್ತಾರೆಯೇ? (ಮುಲುಂಡ್)

ಫ್ಲೋರಿಗೆ ಸ್ವಲ್ಪ ಕಷ್ಟ, ಸ್ಟೋರ್ ಆಪರೇಷನ್ಸಿಗೆ ಧಾರಾಳವಾಗಿ ಹೋಗಿ. ಕ್ಯಾಷು, ಬಿಲ್ಲಿಂಗ್, ಸ್ಟಾಕು, ಮಾರಾಟದ ನಂತರದ ಸೇವೆ, ಈ ನಾಲ್ಕಕ್ಕೆ ನಂಬಿಕಸ್ಥರು ಬೇಕು. ದಿನದ ಕ್ಯಾಷು ತಾಳೆ ಹಾಕಿದವರಿಗೆ ಅದರ ಅರ್ಧ ಕೆಲಸ ಗೊತ್ತೇ ಇರುತ್ತದೆ. ರಿಪೇರಿ ಮೇಜಿನಲ್ಲಂತೂ ಕೋಪದಿಂದ ಬಂದವರನ್ನು ಸಮಾಧಾನಪಡಿಸಲು ವಯಸ್ಸಾದವರೇ ಒಳ್ಳೆಯವರು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಬೇರೆ ಬ್ರಾಂಡಿನಲ್ಲಿ ಮ್ಯಾನೇಜರಾಗಿ ಆಯ್ಕೆಯಾಗಿದ್ದೇನೆ. ನನ್ನ 200 ಗಿರಾಕಿಗಳ ನಂಬರುಗಳನ್ನು ಒಯ್ಯಬಹುದೇ? (ಪುಣೆ)

ಮೊದಲು ಅಭಿನಂದನೆ. ನಂಬರುಗಳನ್ನು ಒಯ್ಯಬೇಡಿ. ಗಿರಾಕಿಗಳು ಅವನ್ನು ಕೊಟ್ಟದ್ದು ಆ ಮಳಿಗೆಗೆ, ಆ ಖರೀದಿಗಾಗಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಜೊತೆಗೆ ನಿಮ್ಮ ನೇಮಕಾತಿ ಪತ್ರದಲ್ಲೂ ಈ ಬಗ್ಗೆ ಷರತ್ತು ಇರುತ್ತದೆ. ಹೊಸ ಮಳಿಗೆಯವರು ಪಟ್ಟಿ ತರುತ್ತೀರಾ ಎಂದು ಕೇಳಿದರೆ ಇಲ್ಲವೆನ್ನಿ. ಇವತ್ತು ಅಲ್ಲಿಂದ ತಂದವರು ನಾಳೆ ಇಲ್ಲಿಂದಲೂ ಒಯ್ಯುತ್ತಾರೆ ಎಂದು ಅವರಿಗೂ ಗೊತ್ತು. ಗಿರಾಕಿ ತಾವಾಗಿ ನಿಮ್ಮನ್ನು ಹುಡುಕಿಕೊಂಡು ಬಂದರೆ ಅದು ಬೇರೆ ಮಾತು.

ಬಿಡುವ ಮುಂಚೆ ರಿಪೇರಿಯಲ್ಲಿರುವ, ಮುಂಗಡ ಕೊಟ್ಟಿರುವ, ತೆಗೆದಿಡಿಸಿರುವ ವಸ್ತುಗಳ ಪಟ್ಟಿಯನ್ನು ಗಿರಾಕಿವಾರು ಬರೆದು ಸಹಿ ಹಾಕಿಸಿ ಒಪ್ಪಿಸಿ. ನಿಮ್ಮ ಜೊತೆ ಒಯ್ಯಬೇಕಾದದ್ದು ಸಂಬಳದ ಚೀಟಿಗಳು, ನಿಮ್ಮದೇ ಮಾರಾಟ ಎಷ್ಟಿತ್ತೆಂಬ ಪತ್ರ, ಬಿಡುಗಡೆ ಪತ್ರ. ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕ ದಾಖಲಾಗಿದೆಯೇ ಎಂದು ಎರಡು ತಿಂಗಳ ನಂತರ ನೋಡಿ. ಕಳೆದ ತ್ರೈಮಾಸಿಕದ ಇನ್ಸೆಂಟಿವ್ ಬಾಕಿಯಿದ್ದರೆ ಯಾವ ತಾರೀಖಿಗೆ ಎಷ್ಟು ಬರುತ್ತದೆ ಎಂಬುದನ್ನು ರಾಜೀನಾಮೆ ಕೊಡುವ ಮೊದಲೇ ಇಮೇಲಿನಲ್ಲಿ ಬರೆಸಿಕೊಳ್ಳಿ. ಕೆಲವು ಕಂಪನಿಗಳ ನಿಯಮದಲ್ಲಿ ಪಾವತಿಯ ದಿನ ಕೆಲಸದಲ್ಲಿ ಇಲ್ಲದವರಿಗೆ ಅದು ಸಿಗುವುದಿಲ್ಲ. ಹಾಗಿದ್ದರೆ ಹೊಸ ಕಡೆ ಸೇರುವ ದಿನವನ್ನು ಎರಡು ವಾರ ಮುಂದೆ ಹಾಕಿಸಿಕೊಳ್ಳಿ.